ಏಳನೇ ಚೌಕದ ಆಮೆ

ಒಂದು ಪಿಎಚ್.ಡಿ. ಪ್ರಬಂಧದಲ್ಲಿ ನಾನು ಸುಮಾರು ಎರಡೂವರೆ ತಿಂಗಳು ಕಡಲಾಮೆಯಾಗಿದ್ದೆ. ಅದರ ನಾಲ್ಕನೇ ಅಧ್ಯಾಯದಲ್ಲಿ ನನ್ನ ಕೊಕ್ಕಿನ ಆಕಾರ, ನಾನು ಕಚ್ಚುವ ರೀತಿ, ನನ್ನ ಆಹಾರಾಭ್ಯಾಸ ಎಲ್ಲವನ್ನೂ ಹನ್ನೊಂದು ಪುಟಗಳಲ್ಲಿ ವಿವರಿಸಲಾಗಿತ್ತು.

ಆಗಿದ್ದು ಇಷ್ಟು. ಯಾರೂ ಮುಟ್ಟಬಾರದು ಎಂದು ಸಮುದ್ರದ ತಳದಲ್ಲಿ ನಾಲ್ಕು ಮೊಳೆ ಹೊಡೆದು ಬಿಟ್ಟಿದ್ದ ಒಂದು ಜಾಗದಲ್ಲಿ ನಾನು ಕೈ ಹಾಕಿದೆ. ಬೆರಳಿನ ಗುರುತು ಫೋಟೊದಲ್ಲಿ ಬಂತು. ಅದನ್ನು ನೋಡಿದ ಮೇಡಂ, ಇದು ಆಮೆ ಕಚ್ಚಿದ ಗುರುತು ಎಂದರು. ಹೌದು ಮೇಡಂ, ಅಲ್ಲೊಂದು ಆಮೆ ಓಡಾಡುತ್ತಿತ್ತು, ನಾನೇ ಕಣ್ಣಾರೆ ನೋಡಿದೆ ಎಂದೆ. ಕೈ ಹಾಕಿದ್ದು ದಡ್ಡತನ. ಆಮೆಯನ್ನು ನೋಡಿದ್ದಕ್ಕೆ ಬೇರೆ ಹೆಸರಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೇಡಂ ಹಾಸನದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. ನನಗೂ ಕಲಿಸಿದವರೇ, ನಾನು ತರಗತಿಯಲ್ಲಿ ಇದ್ದ ದಿನಗಳ ಮಟ್ಟಿಗೆ. ಸಂಶೋಧನೆಗೆಂದು ಅವರಿಗೆ ಮೂರು ವರ್ಷ ರಜೆ ಸಿಕ್ಕಿತ್ತು. ಮೂರನೇ ವರ್ಷದ ದಸರಾಕ್ಕೆ ರಜೆ ಮುಗಿಯುತ್ತದೆ, ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಮತ್ತೆ ಸೀಮೆಸುಣ್ಣ ಹಿಡಿಯಬೇಕು. ಇನ್ನೊಂದು ಸಲ ರಜೆ ಕೊಡುವ ಪದ್ಧತಿ ಇಲ್ಲ. ಅವರ ವಿಷಯ, ಆಳವಿಲ್ಲದ ನೀರಿನ ಹವಳದ ದಿಬ್ಬಗಳಲ್ಲಿ ಹವಳಕ್ಕೂ ಸ್ಪಂಜಿಗೂ ನಡೆಯುವ ಜಾಗದ ಜಗಳ. ಕೆಲಸದ ಜಾಗ, ಹಡಗಿನಲ್ಲಿ ಹೋಗಬೇಕಾದ ಒಂದು ದ್ವೀಪ. ನಾನು ಸಹಾಯಕ. ಈಜು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಸಿಕ್ಕ ಕೆಲಸ.

ಈಜು ಕಲಿಸಿದ್ದು ತಾತ. ಹೊಳೆನರಸೀಪುರದಲ್ಲಿ ಹಗ್ಗ, ಸಲಿಕೆ, ಕುಡುಗೋಲು ಮಾರುವ ಅಂಗಡಿ ಅವರದು. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಅಂಗಡಿಯದೇ ಹೊಸ ಹಗ್ಗ ಸೊಂಟಕ್ಕೆ ಬಿಗಿದು ಹೇಮಾವತಿಗೆ ತಳ್ಳಿದ್ದರು. ಮುಳುಗಿದರೆ ಹಗ್ಗ ಹಳೆಯದಾಗುತ್ತದೆ, ಮಾರುವ ಹಾಗಿಲ್ಲ, ಹುಷಾರು ಎಂದಿದ್ದರು. ನಾನು ದ್ವೀಪಕ್ಕೆ ಹೊರಟಾಗ ಮನೆಯಲ್ಲಿ ಎಲ್ಲರೂ ಏನೇನೋ ಕೇಳಿದರು. ಮಗ ಹವಳದ ಕೆಲಸದಲ್ಲಿದ್ದಾನೆ ಎಂದು ಅಮ್ಮ ಹೇಳಿಕೊಂಡು ಬಂದಿದ್ದೇ ತಡ, ಬೀದಿಯಲ್ಲಿ ಕುಜದೋಷವಿದ್ದ ಹುಡುಗಿಯರ ತಾಯಂದಿರೆಲ್ಲ ಉಂಗುರಕ್ಕೆಂದು ದಾರದಲ್ಲಿ ಬೆರಳಿನ ಅಳತೆ ತಂದುಕೊಟ್ಟರು. ತಾತ ಮಾತ್ರ, ಸಮುದ್ರದ ನೀರು ಉಪ್ಪು ಅಂತಾರೆ, ಒಂದು ಸೀಸೆ ತಗೊಂಡು ಬಾ, ದಿಟವೋ ಸುಳ್ಳೋ ನೋಡೋಣ ಎಂದರು.

ಹವಳ ಎಂದರೆ ಕಲ್ಲಲ್ಲ, ಜೀವ. ಸಾವಿರಾರು ಸಣ್ಣ ಪ್ರಾಣಿಗಳು ಒಟ್ಟಿಗೆ ಸೇರಿ ವರ್ಷಗಟ್ಟಲೆ ಸುಣ್ಣದ ಮನೆ ಕಟ್ಟಿಕೊಂಡು ಕೂರುತ್ತವೆ. ಸ್ಪಂಜೂ ಪ್ರಾಣಿಯೇ. ಆದರೆ ಕಟ್ಟುವ ಕಷ್ಟ ಅದಕ್ಕೆ ಬೇಡ. ನಾವು ನೋಡುತ್ತಿದ್ದ ಜಾತಿ ಬೂದುಗಪ್ಪು ಬಣ್ಣದ್ದು, ಹಪ್ಪಳದಷ್ಟು ತೆಳ್ಳಗೆ. ಬದುಕಿರುವ ಹವಳದ ಮೇಲೆ ಹಾಸಿಕೊಳ್ಳುತ್ತ ಹೋಗುತ್ತದೆ, ಅಡಿಯಲ್ಲಿದ್ದದ್ದು ಬೆಳಕಿಲ್ಲದೆ, ವಿಷ ತಗುಲಿ ಸಾಯುತ್ತದೆ. ಎರಡೂ ಸೇರುವ ಅಂಚಿನಲ್ಲಿ ಉಗುರಿನ ಅಂಚಿನಷ್ಟು ಬಿಳಿ ಗೆರೆ ಇರುತ್ತದೆ. ಅದು ಈಗಷ್ಟೇ ಸತ್ತ ಹವಳ. ಆ ಬಿಳಿ ಗೆರೆ ತಿಂಗಳಿಗೆ ಹೆಬ್ಬೆರಳಿನ ಅಗಲದಷ್ಟು ಮುಂದೆ ಸರಿಯುತ್ತದೆ. ಮೇಡಂ ಇದನ್ನು ನನಗೆ ಹೇಳಿಕೊಟ್ಟಿದ್ದು ಹೀಗೆ: ಹವಳ ಮನೆ ಕಟ್ಟಿಸೋ ಜನ, ಸ್ಪಂಜು ಖಾಲಿ ಸೈಟು ಅಂತ ಬೋರ್ಡು ಹಾಕಿಕೊಳ್ಳೋ ಜನ.

ದ್ವೀಪದ ಬಳಿ ಒಂದೂವರೆ ಆಳಿನ ನೀರಿನಲ್ಲಿ ಹನ್ನೆರಡು ಚೌಕ ಗುರುತಿಸಿದ್ದೆವು. ಒಂದೊಂದೂ ಒಂದು ಮೀಟರು ಅಗಲ, ಒಂದು ಮೀಟರು ಉದ್ದ, ಮೂಲೆಗೊಂದು ಮೊಳೆ. ನಾನು ಕಬ್ಬಿಣದ ಚೌಕಟ್ಟನ್ನು ಮೊಳೆಗಳಿಗೆ ಸರಿಯಾಗಿ ಕೂರಿಸಿ ಹಿಡಿಯಬೇಕು, ಮೇಡಂ ಮೇಲಿನಿಂದ ಫೋಟೊ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಇದೇ. ಮೊದಲ ಆರು ಚೌಕಗಳಲ್ಲಿ ಸ್ಪಂಜನ್ನು ಚಾಕುವಿನಲ್ಲಿ ಹೆರೆದು ತೆಗೆದು, ಹವಳ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡುವುದು. ಉಳಿದ ಆರನ್ನು ಮುಟ್ಟುವ ಹಾಗಿಲ್ಲ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬ ಲೆಕ್ಕಕ್ಕೆ ಅವು ಬೇಕು. ಏಳನೆಯದು ಈ ಮುಟ್ಟಬಾರದವುಗಳಲ್ಲಿ ಮೊದಲನೆಯದು.

ಹೆರೆಯುವಾಗ ಮೇಡಂ ಒಂದು ಚೂರನ್ನೂ ನೀರಿಗೆ ಬಿಡುತ್ತಿರಲಿಲ್ಲ. ಸಣ್ಣ ಕಣ್ಣಿನ ಬಲೆಚೀಲ ಅಡಿಗೆ ಹಿಡಿದು, ಉದುರಿದ್ದನ್ನೆಲ್ಲ ತುಂಬಿ, ದಡಕ್ಕೆ ತಂದು ಒಣಗಿಸಿ ಹೂಳಬೇಕು. ಚೀಲ ಹಿಡಿಯುವವನು ನಾನು. ಮೇಡಂ ದೇವಸ್ಥಾನದ ಬೀದಿಯವರು, ಕಾಫಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಇದೂ ಅವರ ಮಡಿಯ ಇನ್ನೊಂದು ಅವತಾರ, ಸಮುದ್ರವನ್ನೂ ಅಡುಗೆಮನೆ ಮಾಡಿಕೊಂಡಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಸ್ಪಂಜನ್ನು ಚೂರು ಮಾಡಿದರೆ ಚೂರಿಗೊಂದು ಸ್ಪಂಜು ಬೆಳೆಯುತ್ತದೆ ಎಂಬುದು ಪದವಿ ಎರಡನೇ ವರ್ಷದ ಪಾಠ. ಆ ಪಾಠ ನಡೆದ ದಿನ ನಾನು ಹಾಸನದ ಯಾವ ಟಾಕೀಸಿನಲ್ಲಿದ್ದೆ ಎಂಬುದನ್ನು ಈಗಲೂ ಹೇಳಬಲ್ಲೆ.

ಏಳನೇ ಚೌಕದ ನಡುವೆ ಒಂದು ದುಂಡನೆಯ ಹವಳ ಇತ್ತು. ಮನುಷ್ಯನ ತಲೆಯಷ್ಟು ಗಾತ್ರ, ಮೈಮೇಲೆಲ್ಲ ಸುಕ್ಕುಸುಕ್ಕಾದ ಗೆರೆ. ಮುಂದುಗಡೆ ಮೂರು ಗೆರೆ ಮಾತ್ರ ಅಡ್ಡಕ್ಕೆ ನೆಟ್ಟಗೆ ಇದ್ದವು, ವಿಭೂತಿ ಹಚ್ಚಿದ ಹಾಗೆ. ಮೊದಲ ದಿನವೇ ಅದಕ್ಕೆ ತಾತ ಎಂದು ಹೆಸರಿಟ್ಟೆ. ಮುಳುಗಿದಾಗಲೆಲ್ಲ ಒಂದು ನಮಸ್ಕಾರ ಹೊಡೆಯುತ್ತಿದ್ದೆ. ಉಸಿರು ಬಿಗಿಹಿಡಿದು ನಕ್ಕರೆ ಮೂಗಿಗೆ ನೀರು ಹೋಗುತ್ತದೆ, ಆದರೂ ನಗುತ್ತಿದ್ದೆ.

ಜನವರಿಯಲ್ಲಿ ದ್ವೀಪದ ಟೆಲಿಫೋನ್ ಕಚೇರಿಯಿಂದ ಕರೆ ಬಂತು. ಫೋನಿನಲ್ಲಿ ಅಣ್ಣ. ತಾತನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದು, ಎರಡು ದಿನ ಇದ್ದದ್ದು, ಬೆಳಿಗ್ಗೆ ಹೋಗಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೊನೆಗೆ, “ಈಗ ತಾನೆ ನರ್ಸು ಬಂದು ಮೊಖದ ಮೇಲೆ ಕಂಬಳಿ ಎಳೆದುಬುಟ್ಳು ಕಣೋ” ಎಂದ. ಲೈನು ಕಟ್ಟಾಯಿತು.

ಮುಂದಿನ ಹಡಗಿಗೆ ಐದು ದಿನವಿತ್ತು. ಅದರಲ್ಲಾದರೂ ಹೋಗು ಎಂದು ಮೇಡಂ ಹೇಳಿದರು. ಹೋಗಿ ಏನು ಮಾಡಲಿ ಮೇಡಂ, ಅಷ್ಟರಲ್ಲಿ ತಾತ ಆ ಕಡೆ ಅಂಗಡಿ ತೆಗೆದು ಬೋಣಿ ಮಾಡಿರುತ್ತಾರೆ ಎಂದೆ. ಅವರು ನಗಲಿಲ್ಲ.

ಮಾರನೇ ಬೆಳಿಗ್ಗೆ ನೀರಿಗಿಳಿದೆವು. ಏಳನೇ ಚೌಕದ ಹತ್ತಿರ ಫಿಲ್ಮ್ ಸುರುಳಿ ಮುಗಿಯಿತು, ಬದಲಾಯಿಸಲು ಮೇಡಂ ದೋಣಿಗೆ ಹತ್ತಿದರು. ನಾನು ಚೌಕಟ್ಟು ಹಿಡಿದುಕೊಂಡು ಕೆಳಗೆ ನೋಡಿದೆ. ಮೊದಲ ದಿನ ಕತ್ತಿನವರೆಗೆ ಇದ್ದ ಕಪ್ಪು ಸ್ಪಂಜು ಈಗ ವಿಭೂತಿ ಗೆರೆಗಳ ತನಕ ಬಂದಿತ್ತು. ಒಂದು ಕಡೆಯಿಂದ ಯಾರೋ ನಿಧಾನಕ್ಕೆ ಎಳೆಯುತ್ತಿರುವ ಹಾಗೆ. ಕಂಬಳಿಯ ಅಂಚಿನ ಬಿಳಿ ನೂಲಿನ ಹಾಗೆ ಆ ಬಿಳಿ ಗೆರೆ.

ನಾನು ಯೋಚನೆ ಮಾಡಿ ಮಾಡಿದೆ ಎಂದು ಹೇಳಲಾರೆ. ಮುಳುಗಿದೆ, ಐದೂ ಬೆರಳು ಊರಿ ಹಿಡಿದು ಎಳೆದೆ. ಬಂತು. ಮತ್ತೆ ಎಳೆದೆ. ಉಸಿರು ಕಟ್ಟಿದಾಗ ಮೇಲೆ ಬಂದು ಮತ್ತೆ ಮುಳುಗಿದೆ. ಹಣೆ, ತಲೆಯ ಮುಂದುಗಡೆ ಎಲ್ಲ ಬಿಡಿಸಿದೆ. ಕೈಯಲ್ಲಿದ್ದ ಕಪ್ಪು ಚೂರುಗಳನ್ನು ಕಂಬಳಿ ಕೊಡವಿದ ಹಾಗೆ ನೀರಿನಲ್ಲಿ ಕೊಡವಿದೆ. ಅವು ಒಟ್ಟಿಗೆ ತೇಲಿಕೊಂಡು ಎಂಟನೇ ಚೌಕದ ಕಡೆಗೆ ಹೋದವು. ಮೇಡಂ ಇಳಿದು ಬಂದಾಗ ನೀರು ತಿಳಿಯಾಗಿತ್ತು. ಕಣ್ಣಿಗೆ ಹಾಕಿದ ಗಾಜಿನೊಳಗೆ ನನ್ನದೇ ನೀರು ತುಂಬಿತ್ತು, ಗಾಜು ಸೋರುತ್ತಿದೆ ಮೇಡಂ ಎಂದೆ.

ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗಿನಲ್ಲಿ ವಾಪಸು ಬಂದೆವು. ತಾತನಿಗೆಂದು ತುಂಬಿಸಿದ ನೀರಿನ ಸೀಸೆ ಚೀಲದಲ್ಲೇ ಇತ್ತು. ಮನೆಯಲ್ಲಿ ಯಾರಾದರೂ ತಾತನ ಕೊನೆಯ ದಿನದ ಮಾತೆತ್ತಿದರೆ ನಾನೊಂದು ತಮಾಷೆ ಹೊಡೆದು ಎದ್ದುಬಿಡುತ್ತಿದ್ದೆ. ಎರಡು ಮೂರು ಸಲ ಹೀಗಾದ ಮೇಲೆ ಅವರೂ ಎತ್ತುವುದು ಬಿಟ್ಟರು.

ನಿಜವಾದ ಕೆಲಸ ಶುರುವಾಗಿದ್ದು ಹಾಸನದಲ್ಲಿ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂದುಗಡೆ ಹಳೆಯ ಮ್ಯೂಸಿಯಂ ಕೋಣೆ. ಸುತ್ತಲೂ ಸೀಸೆಗಳಲ್ಲಿ ಹಾವು, ಚೇಳು, ಎರಡು ತಲೆಯ ಕುರಿಮರಿ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು ಹಗಲಿನಲ್ಲೇ ಕತ್ತಲು ಮಾಡಿಕೊಂಡೆವು. ಒಂದೊಂದೇ ಸ್ಲೈಡನ್ನು ಪ್ರೊಜೆಕ್ಟರಿಗೆ ಹಾಕಿ, ಸುಣ್ಣದ ಗೋಡೆಯ ಮೇಲೆ ಚೌಕ ಅಸಲಿನಷ್ಟೇ ದೊಡ್ಡದಾಗಿ, ಸರಿಯಾಗಿ ಒಂದು ಮೀಟರಿಗೆ ಬೀಳುವ ಹಾಗೆ ದೂರ ಹೊಂದಿಸಿ, ನೆಲದಲ್ಲಿ ಬಣ್ಣದ ಗುರುತು ಹಾಕಿದೆವು. ಗೋಡೆಗೆ ಟ್ರೇಸಿಂಗ್ ಹಾಳೆ ಅಂಟಿಸಿ, ಹವಳದ ಅಂಚಿಗೆ ಕೆಂಪು ಪೆನ್ಸಿಲು, ಸ್ಪಂಜಿನ ಅಂಚಿಗೆ ನೀಲಿ. ಆಮೇಲೆ ಗ್ರಾಫ್ ಹಾಳೆಯ ಮೇಲಿಟ್ಟು ಸಣ್ಣ ಮನೆಗಳನ್ನು ಎಣಿಸುವುದು. ಒಂದೇ ಸ್ಲೈಡನ್ನು ನಾನೊಮ್ಮೆ, ಮೇಡಂ ಒಮ್ಮೆ ಬೇರೆ ಬೇರೆ ಬಿಡಿಸಬೇಕು. ಹೊಂದದಿದ್ದರೆ ಮತ್ತೆ.

ಮೊದಲ ವಾರ ನನ್ನ ಎಣಿಕೆಯಲ್ಲಿ ಸ್ಪಂಜು ಎಲ್ಲ ಚೌಕಗಳಲ್ಲೂ ಬಲಗಡೆ ಮೂಲೆಯಲ್ಲಿ ಭಯಂಕರವಾಗಿ ಬೆಳೆದಿತ್ತು. ಮೇಡಂ ಪ್ರೊಜೆಕ್ಟರ್ ಆರಿಸಿ, ಬಟ್ಟೆ ಸರಿಸಿ ನೋಡಿದರೆ ಅದು ಮಳೆಗೆ ಸೋರಿ ಗೋಡೆಗೆ ಹಿಡಿದಿದ್ದ ಪಾಚಿ. ಐದು ದಿನ ನಾನು ಕಾಲೇಜಿನ ಗೋಡೆಯ ತೇವವನ್ನು ಭಕ್ತಿಯಿಂದ ನೀಲಿ ಪೆನ್ಸಿಲಿನಲ್ಲಿ ಬಿಡಿಸಿದ್ದೆ. ಅಟೆಂಡರು ಈ ಸುದ್ದಿಯನ್ನು ಇಡೀ ಕಾಲೇಜಿಗೆ ಹಂಚಿದ. ಬಾಗಿಲಲ್ಲಿ ನಿಂತು, “ಸಾ, ನಮ್ಮ ಟಾಯ್ಲೆಟ್ ಗ್ವಾಡೆ ಮ್ಯಾಲೂ ಸಮುದ್ರ ಬಂದೈತೆ, ಯಾವಾಗ ಅಳೀತೀರಿ ಸಾ?” ಎಂದು ಕೇಳುತ್ತಿದ್ದ.

ಪಾಚಿಯ ವಿಷಯದಲ್ಲಿ ನಾನೂ ನಕ್ಕೆ. ಆದರೆ ಆಮೇಲೆ ಪ್ರೊಜೆಕ್ಟರ್ ಆರಿಸಿ ಬಟ್ಟೆ ಸರಿಸಿದಾಗ, ಚಿತ್ರ ಇಲ್ಲದಾಗಲೂ, ಆ ಮೂಲೆಯ ಕಪ್ಪು ಅಲ್ಲೇ ಇರುತ್ತಿತ್ತು. ಮಳೆ ಹೆಚ್ಚಾದ ಹಾಗೆ ಅದೂ ಗೋಡೆಯ ನಡುವಿಗೆ ಬರುತ್ತಿತ್ತು. ಏಳನೇ ಚೌಕದ ಸ್ಲೈಡು ಹಾಕಿದಾಗ ತಾತನ ತಲೆ ಬೀಳುವ ಜಾಗ ಅದೇ ನಡು.

ಜನವರಿಯ ಸ್ಲೈಡು ಬಂದ ದಿನ ಮೇಡಂ ಎದ್ದು ನಿಂತರು. ಏಳನೇ ಚೌಕದಲ್ಲಿ ಸ್ಪಂಜು ಹಿಂದಕ್ಕೆ ಸರಿದಿದೆ. ಮುಂದೆ ಹೋಗುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಸ್ಪಂಜು, ಒಂದು ಅಂಗೈಯಷ್ಟು ಜಾಗ ಬಿಟ್ಟುಕೊಟ್ಟಿದೆ. ಉಳಿದ ಕಪ್ಪಿನ ಅಂಚಿನಲ್ಲಿ ಒಂದರ ಪಕ್ಕ ಒಂದು ಗೀರುಗಳು. ಅವರು ಬಹಳ ಹೊತ್ತು ನೋಡಿ, ಸ್ಪಂಜು ತಿನ್ನುವ ಒಂದು ಜಾತಿಯ ಕಡಲಾಮೆ ಇದೆ, ಅದರ ಕೊಕ್ಕು ಹೀಗೇ ಕೀಳುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಆ ದಿನ ಆಮೆ ಏನಾದರೂ ಕಂಡಿತ್ತೇ ಎಂದು ಕೇಳಿದರು.

ನಿಜ ಹೇಳಲು ನನಗೆ ಬಾಯಿ ತೆರೆಯುವಷ್ಟು ಸಮಯವಿತ್ತು. ತೆರೆದೆ. ಬಂದದ್ದು ಆಮೆ.

ಆ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ಒಬ್ಬನೇ ಗೋಡೆಯ ಮುಂದೆ ನಿಂತೆ. ಪ್ರೊಜೆಕ್ಟರಿನ ಫ್ಯಾನು ಮಾತ್ರ ಸದ್ದು ಮಾಡುತ್ತಿತ್ತು. ಬಲಗೈ ಎತ್ತಿ ಆ ಗೀರುಗಳ ಮೇಲಿಟ್ಟೆ. ಒಂದಕ್ಕೊಂದು ಸರಿಯಾಗಿ ಕೂತಿತು, ಹೆಬ್ಬೆರಳೂ ಸೇರಿ. ಸುಣ್ಣದ ಗೋಡೆ ತಣ್ಣಗೆ, ಒದ್ದೆಯಾಗಿತ್ತು. ಅಂದಿನಿಂದ ನಾನು ಎಡಗೈಯಲ್ಲಿ ಪೆನ್ಸಿಲು ಹಿಡಿಯಲು ಶುರುಮಾಡಿದೆ. ನನ್ನ ಗೆರೆಗಳೆಲ್ಲ ಕುಡಿದವನು ನಡೆದ ಹಾಗೆ ಬಂದವು, ಒಂದೊಂದನ್ನೂ ಮೂರು ಮೂರು ಸಲ ಬಿಡಿಸಬೇಕಾಯಿತು.

ಮುಂದಿನ ಸ್ಲೈಡುಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಏಳನೇ ಚೌಕದ ಕೆಳಅಂಚಿನಲ್ಲಿ, ಎಂಟನೆಯದರಲ್ಲಿ, ಮೊದಲು ಏನೂ ಇಲ್ಲದ ಕಡೆ ಕಪ್ಪು ಚುಕ್ಕೆಗಳು. ಹದಿನೈದು ದಿನದ ಮೇಲೆ ನಾಲ್ಕಾಣೆಯಷ್ಟು. ಮತ್ತೆ ಎರಡು ತಿಂಗಳಿಗೆ ಅಂಗೈಯಷ್ಟು. ಹನ್ನೊಂದು ಎಣಿಸಿದೆವು. ಮೇಡಂ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಆಮೆ ತಿನ್ನುತ್ತದೆ, ತಿನ್ನುವಾಗ ಚೂರುಗಳನ್ನು ಚೆಲ್ಲುತ್ತದೆ, ಹವಳಕ್ಕೆ ಉಪಕಾರ ಮಾಡಿದಂತೆ ಕಂಡರೂ ಕೊನೆಗೆ ಸ್ಪಂಜನ್ನೇ ಹರಡುತ್ತದೆ. ಇದು ಅವರ ನಾಲ್ಕನೇ ಅಧ್ಯಾಯವಾಯಿತು. ಚೂರು ಎಂಬ ಮಾತು ಕೇಳಿದರೂ ನನಗೆ ಅರ್ಥವಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ಎಲ್ಲೋ ಒಂದು ನಿಜವಾದ ಆಮೆಯೂ ಬಂದಿರಬೇಕು ಎಂದುಕೊಂಡೆ. ನಾನು ಹೇಳಿದ ಸುಳ್ಳನ್ನು ನಾನೇ ಮೊದಲು ನಂಬಿದ್ದು.

ಆ ನಂಬಿಕೆ ಬಿಟ್ಟುಹೋಗಿದ್ದು ಅರಕಲಗೂಡಿನ ಹತ್ತಿರ, ಅತ್ತೆಯ ಹೊಲದ ಮನೆಯಲ್ಲಿ. ಅತ್ತೆ ಎಂದರೆ ತಾತನ ಮಗಳು. ಆಲೂಗಡ್ಡೆ ಬಿತ್ತನೆಗೆ ಆಳು ಸಾಲದು ಎಂದು ಭಾನುವಾರ ಕರೆಸಿಕೊಂಡಿದ್ದರು. ಪಡಸಾಲೆಯಲ್ಲಿ ಗೋಣಿ ಸುರಿದು ನಾಲ್ಕು ಜನ ಹೆಂಗಸರು ಬಿತ್ತನೆ ಗಡ್ಡೆ ಕುಯ್ಯುತ್ತಿದ್ದರು. ಒಂದೊಂದು ಹೋಳಿನಲ್ಲೂ ಒಂದು ಕಣ್ಣು ಉಳಿಯಬೇಕು, ಮೊಳಕೆ ಅಲ್ಲಿಂದಲೇ ಬರುವುದು. ನನಗೂ ಒಂದು ಚಾಕು ಕೊಟ್ಟರು. ನಾನು ಕುಯ್ದದ್ದರಲ್ಲಿ ಅರ್ಧಕ್ಕೆ ಕಣ್ಣೇ ಇಲ್ಲ, ಇನ್ನರ್ಧಕ್ಕೆ ನಾಲ್ಕು ನಾಲ್ಕು. ಅತ್ತೆ ಅವನ್ನು ನೋಡಿ, ನಿನ್ನ ಗಡ್ಡೆಗಳನ್ನು ಕುರುಡರ ಶಾಲೆಗೆ ಸೇರಿಸಬೇಕು ಎಂದರು. ಹೆಂಗಸರೆಲ್ಲ ನಕ್ಕರು. ಕೆಟ್ಟ ಚೂರುಗಳನ್ನು ನಾನು ಮುಷ್ಟಿಯಲ್ಲಿ ಬಾಚಿ ಹಿತ್ತಲಿಗೆ ಎಸೆದು ಕೈ ಕೊಡವಿದೆ.

“ಅಲ್ಲಿಗ್ಯಾಕ್ಲಾ ಎಸೀತೀಯ?” ಎಂದರು ಅತ್ತೆ. “ಚೂರಲ್ಲಿ ಒಂದು ಕಣ್ಣಿದ್ರೆ ಸಾಕು, ಬಿದ್ದ ತಾವೇ ಉಟ್ಕೊತದೆ. ಓದ್ವರ್ಸ ಇಂಗೇ ಎಸ್ದು, ತಿಪ್ಪೆ ಮ್ಯಾಲೆಲ್ಲ ಗಿಡ ಆಗಿತ್ತು ಕಣ್ಲಾ.”

ನಾನು ಕೊಡವಿದ ಕೈಯನ್ನೇ ನೋಡುತ್ತ ನಿಂತೆ. ನೀರಿನಲ್ಲಿ ಒಟ್ಟಿಗೆ ತೇಲಿಹೋದ ಕಪ್ಪು ಚೂರುಗಳು, ಎಂಟನೇ ಚೌಕದ ಕಡೆಗೆ. ಹನ್ನೊಂದು ಚುಕ್ಕೆ. ಬಲೆಚೀಲ ಮಡಿಯಲ್ಲ. ನಿಜವಾದ ಆಮೆ ಯಾವತ್ತೂ ಇರಲಿಲ್ಲ. ಒಂದು ತಲೆಯ ಮೇಲಿನ ಕಂಬಳಿ ಕಿತ್ತು ಹನ್ನೊಂದು ತಲೆಗಳಿಗೆ ಹೊದಿಸಿ ಬಂದಿದ್ದೆ.

ಸೋಮವಾರವೇ ಹೇಳುತ್ತೇನೆ ಎಂದುಕೊಂಡೆ. ಸೋಮವಾರ ಮೇಡಂ ಖುಷಿಯಾಗಿದ್ದರು, ಹೇಳಲಿಲ್ಲ. ಮಂಗಳವಾರ ತಲೆನೋವು ಎಂದರು, ಹೇಳಲಿಲ್ಲ. ಹೀಗೆ ಅವರಿಗೆ ಖುಷಿಯೂ ತಲೆನೋವೂ ಎರಡೂ ಇಲ್ಲದ ದಿನ ಕಾಯುತ್ತ ಐದು ವಾರ ಕಳೆದೆ. ಅಷ್ಟರಲ್ಲಿ ಮೇ ತಿಂಗಳ ಕೊನೆಯ ಸ್ಲೈಡಿಗೆ ಬಂದೆವು. ನಾನು ಕಿತ್ತ ಕಡೆಗೆಲ್ಲ ಸ್ಪಂಜು ಮತ್ತೆ ಬಂದಿತ್ತು. ಮೂರು ಗೆರೆಗಳೂ ಕಾಣುತ್ತಿರಲಿಲ್ಲ. ಕೆಂಪು ಪೆನ್ಸಿಲಿಗೆ ಕೆಲಸವೇ ಇರಲಿಲ್ಲ. ಮುಚ್ಚಿದ ಮೇಲೂ ದುಂಡಗಿನ ಆಕಾರ ಮಾತ್ರ ಉಳಿದಿತ್ತು, ಕಂಬಳಿಯ ಕೆಳಗೆ ತಲೆ ಉಳಿದ ಹಾಗೆ. ನಾನು ಅದನ್ನು ನೀಲಿಯಲ್ಲಿ ಬಿಡಿಸಿದೆ.

ಮ್ಯೂಸಿಯಂನ ಕಪಾಟಿನಲ್ಲಿ ಸಮುದ್ರದ ನೀರಿನ ಸೀಸೆ ಇಟ್ಟಿದ್ದೆ. ಒಂದು ದಿನ ಅಟೆಂಡರು ಧೂಳು ಹೊಡೆಯುತ್ತ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಇದರೊಳಗೆ ಯಾವ ಪ್ರಾಣಿ ಐತೆ ಸಾ, ಕಾಣಿಸ್ತಾನೇ ಇಲ್ಲ ಎಂದ. ಏನೂ ಇಲ್ಲ ಎಂದೆ. ಏನೂ ಇಲ್ಲದ್ದಕ್ಕೆ ಬಿರಡೆ ಯಾಕೆ ಎಂದು ಗೊಣಗಿ ಎರಡು ತಲೆಯ ಕುರಿಮರಿಯ ಪಕ್ಕಕ್ಕೆ ಇಟ್ಟ.

ಆಗಸ್ಟಿನಲ್ಲಿ ಮೇಡಂ ನಾಲ್ಕನೇ ಅಧ್ಯಾಯವನ್ನು ಚನ್ನರಾಯಪಟ್ಟಣದ ಒಂದು ಡಿಟಿಪಿ ಅಂಗಡಿಗೆ ಕೊಟ್ಟರು. ಅವರ ತವರು ಅಲ್ಲೇ. ಕರಡು ತರಲು ನನ್ನನ್ನು ಕಳಿಸಿದರು. ತೆಗೆದುಕೊಂಡು ಹಾಸನದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ತೆರೆದೆ. ನನ್ನ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟರದ್ದು, ಆದರೂ ನನ್ನ ಹೆಸರನ್ನು ಗುರುತಿಸಿದೆ. ಆಮೆಯನ್ನು ಪ್ರತ್ಯಕ್ಷ ಕಂಡವರು ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು, ತಂದೆಯ ಹೆಸರಿನ ಇನಿಷಿಯಲ್ ಸಮೇತ. ನಮ್ಮ ವಂಶದಲ್ಲಿ ಯಾರ ಹೆಸರೂ ಅಚ್ಚಾಗಿದ್ದಿಲ್ಲ, ಅಂಗಡಿಯ ಬೋರ್ಡಿನಲ್ಲಿ ತಾತನದು ಬಿಟ್ಟರೆ. ಅದನ್ನೂ ತಾತ ತಾವೇ ಬಣ್ಣದಲ್ಲಿ ಬರೆದುಕೊಂಡದ್ದು.

ಕಂಡಕ್ಟರು ಟಿಕೆಟ್ಟಿಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಆದರೆ ಬಾಯಿ ತೆರೆದರೆ ಮತ್ತೆ ಆಮೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬಾಯಿಗೆ ಬಿಡಬಾರದು.

ಮಾರನೇ ಬೆಳಿಗ್ಗೆ ಮೇಡಂ ಬರುವ ಮುಂಚೆ ಜನವರಿಯ ಸ್ಲೈಡು ಹಾಕಿ ಪ್ರೊಜೆಕ್ಟರ್ ಹಚ್ಚಿಟ್ಟೆ. ಅವರು ಒಳಗೆ ಬಂದು, ಇದು ಮುಗಿದ ಸ್ಲೈಡಲ್ಲವೇ ಎಂದರು. ನಾನು ಗೋಡೆಗೆ ಹೋಗಿ ಬಲಗೈಯನ್ನು ಗೀರುಗಳ ಮೇಲಿಟ್ಟೆ. ಐದು ಬೆರಳು, ಐದು ಗೀರು.

“ಮೇಡಂ, ಆಮೆ ನಾನೇ.”

ಅವರು ನನ್ನ ಕೈಯನ್ನು ನೋಡಿದರು, ಗೋಡೆಯನ್ನು ನೋಡಿದರು. ಕುರ್ಚಿ ಎಳೆದು ಕೂತರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ, ಪ್ರಶ್ನೆ ಕೇಳಿದರು. ಎಷ್ಟು ಸಲ ಎಳೆದೆ, ಚೂರುಗಳು ಎಷ್ಟು ದೊಡ್ಡವು, ಎಣಿಸಿದೆಯಾ, ನೀರು ಯಾವ ಕಡೆ ಎಳೆಯುತ್ತಿತ್ತು, ಇಳಿತವೋ ಉಬ್ಬರವೋ, ಒಂಬತ್ತನೇ ಚೌಕದ ಕಡೆಗೂ ಹೋಯಿತೇ. ಗೊತ್ತಿಲ್ಲ ಎಂದಾಗಲೆಲ್ಲ ಗೊತ್ತಿಲ್ಲ ಎಂದೇ ಬರೆದುಕೊಂಡರು. ದ್ವೀಪದ ದಿನಚರಿ ಪುಸ್ತಕ ತೆಗೆದು ಆ ಜನವರಿಯ ಪುಟದ ಕೆಳಗೆ ನನ್ನ ಕೈಯಲ್ಲೇ ಎಲ್ಲ ಬರೆಸಿದರು. ಇವತ್ತಿನ ತಾರೀಖು ಹಾಕಿ ಸಹಿ ಮಾಡು ಎಂದರು. ಕೊನೆಗೆ ಯಾಕೆ ಮಾಡಿದೆ ಎಂದು ಕೇಳಿದರು. ಫೋನಿನಲ್ಲಿ ಅಣ್ಣ ಹೇಳಿದ ಕಂಬಳಿಯ ಮಾತನ್ನು ಹೇಳಿದೆ. ಅದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ.

ಏಳು ಮತ್ತು ಎಂಟನ್ನು ಲೆಕ್ಕದಿಂದ ತೆಗೆದರು. ಒಂಬತ್ತರ ಬಗ್ಗೆ ಖಾತ್ರಿಯಿಲ್ಲ ಎಂದು ಅದನ್ನೂ ತೆಗೆದರು. ಮುಟ್ಟದ ಚೌಕಗಳು ಆರರಲ್ಲಿ ಮೂರು ಉಳಿದವು. ಮೂರರ ಮೇಲೆ ಏನನ್ನೂ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಇನ್ನೊಂದು ವರ್ಷದ ಫೋಟೊ ಬೇಕು, ಅದಕ್ಕೆ ರಜೆ ಇಲ್ಲ. ಅವರು ಕರಡನ್ನು ನಡುವಿಗೆ ಮಡಚಿ ಚೀಲದಲ್ಲಿಟ್ಟುಕೊಂಡರು. ನಾನು ಎಲ್ಲ ನನ್ನಿಂದಲೇ ಆಯಿತು ಮೇಡಂ ಎಂದು ಅಳುವ ಹಂತಕ್ಕೆ ಬಂದಾಗ ತಡೆದರು.

“ಆಮೆ ಅಂತ ನೀನು ಹೇಳೋಕೆ ಮುಂಚೆ ನಾನು ಹೇಳಿದ್ದು ಕಣೋ. ಕೈ ನಿಂದು, ಆಮೆ ನಂದು. ಹೋಗು, ಕಿಟಕಿ ಬಟ್ಟೆ ತೆಗಿ.”

ತೆಗೆದೆ. ಬೆಳಕು ಬಿದ್ದು ಗೋಡೆಯ ಮೇಲಿನ ಚಿತ್ರ ಮಾಸಿತು. ಪಾಚಿ ಮಾತ್ರ ಉಳಿಯಿತು.

ದಸರಾ ಮುಗಿದ ಮೇಲೆ ಮೇಡಂ ಅದೇ ಕಾಲೇಜಿನಲ್ಲಿ ಎರೆಹುಳುವಿನ ಪಾಠದಿಂದ ಶುರುಮಾಡಿದರು. ಆಮೇಲೆ ಬೇಸಿಗೆ ರಜೆಗಳಲ್ಲಿ ಸ್ವಂತ ಖರ್ಚಿನಲ್ಲಿ ದ್ವೀಪಕ್ಕೆ ಹೋಗಿಬಂದು, ಎರಡು ಸಾವಿರ ಇಸವಿ ದಾಟಿ ಎಷ್ಟೋ ಕಾಲವಾದ ಮೇಲೆ ಪ್ರಬಂಧ ಮುಗಿಸಿದರು. ಅದರಲ್ಲಿ ಆಮೆ ಇಲ್ಲ. ಸಹಾಯಕನ ಕೈಯಿಂದ ಕೆಟ್ಟ ಮೂರು ಚೌಕಗಳ ಬಗ್ಗೆ ಕೊನೆಯಲ್ಲಿ ಅರ್ಧ ಪುಟವಿದೆ. ನನ್ನ ಹೆಸರು ಹಾಕಿಲ್ಲ. ಹಾಕಿ ಎಂದು ಕೇಳಿಕೊಂಡಿದ್ದೆ.

ಆ ವರ್ಷ, ತಪ್ಪೊಪ್ಪಿಕೊಂಡ ಮೂರು ವಾರಕ್ಕೆ, ಅತ್ತೆ ಆಲೂಗಡ್ಡೆ ಕೀಳಲು ಕರೆಸಿದರು. ಹಿತ್ತಲಲ್ಲಿ ನಾನು ಎಸೆದ ಕಡೆ ಎಂಟು ಗಿಡ ಎದ್ದಿದ್ದವು. ಅವನ್ನು ಕೀಳುತ್ತ ಅತ್ತೆಗೆ ಎಲ್ಲ ಹೇಳಿದೆ. ಸ್ಪಂಜು, ಹವಳ, ಮೇಡಂ ಎಲ್ಲವನ್ನೂ ಅವರು ಗಡ್ಡೆಯ ಮಣ್ಣು ಒರೆಸುತ್ತ ಕೇಳಿಸಿಕೊಂಡರು. ನರ್ಸು ಎಳೆದ ಕಂಬಳಿಯ ಮಾತು ಬಂದಾಗ ಕೈ ನಿಲ್ಲಿಸಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಂಬಳಿ ಎಳೆದ ಮೇಲೆ ಏನಾಯಿತು ಎಂದು ಎಂಟು ತಿಂಗಳಾದರೂ ನಾನು ಯಾರನ್ನೂ ಕೇಳಿರಲಿಲ್ಲ.

“ಆಸ್ಪತ್ರೆಯೋರು ಮುಚ್ಚಿದ್ರು, ದಿಟ,” ಎಂದರು ಅತ್ತೆ. “ವ್ಯಾನಿಗೆ ಹತ್ತಿಸ್ತಿದ್ದಂಗೆ ನಾನೇ ಎಳ್ದು ಆಚೀಕಾಕ್ದೆ ಕಣ್ಲಾ. ನಮ್ಮೋರಲ್ಲಿ ಮೊಕ ಮುಚ್ತಾರಾ? ಮನೇಲಿ ಈಬೂತಿ ಇಟ್ಟು ಕೂರ್ಸಿದ್ವಿ. ಬಾಗಲ ಕಡೀಕ್ಕೇ ಮೊಕ ಮಾಡಿ ಕೂರ್ಸಿದ್ವಿ, ನೀ ಬಂದ್ರೆ ಕಾಣ್ಲಿ ಅಂತ.”